ಮೇಜಿನ ಮೇಲೊಂದು ರೈಲು ದರೋಡೆ

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂಬ ಉದ್ದದ ಹೆಸರು ಕೇಳಿ ಇದು ಕಂಪ್ಯೂಟರಿನ ಆಟ ಅಂದುಕೊಳ್ಳಬೇಡಿ. ಇದಕ್ಕೆ ಪರದೆ ಬೇಡ, ಕರೆಂಟೂ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಮೇಜಿಲ್ಲದಿದ್ದರೆ ಚಾಪೆ ಹಾಸಿಕೊಂಡು, ಮಾತಿನಲ್ಲೇ ಆಡುವ ಕಥೆಯ ಆಟ ಇದು. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ಮಾತ್ರ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು. ದೊಡ್ಡಾಟದಲ್ಲಿ ಭಾಗವತರು ಮಾಡುವ ಕೆಲಸವೇ ಇವರದೂ. ವ್ಯತ್ಯಾಸ ಒಂದೇ: ದೊಡ್ಡಾಟದ ಕೊನೆಗೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತಿರುತ್ತದೆ, ಇಲ್ಲಿ ನಡೆಸುವವರಿಗೂ ಗೊತ್ತಿರುವುದಿಲ್ಲ. ‘ನಾನು ಬಾಗಿಲು ಮುರೀತೀನಿ’ ಎಂದು ಪಾತ್ರಧಾರಿ ಹೇಳುತ್ತಾನೆ. ಮುರಿಯಿತೋ ಇಲ್ಲವೋ ದಾಳ ಹೇಳುತ್ತದೆ.

ಈ ಬಗೆಯ ಆಟ ಅಮೆರಿಕದಲ್ಲಿ 1974ರಲ್ಲಿ ಶುರುವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೊದಲನೆಯದು. ಅದರಲ್ಲಿ ಕತ್ತಿ, ಮಾಟ, ರಾಕ್ಷಸರು. 1977ರಲ್ಲಿ ‘ಟ್ರಾವೆಲರ್’ ಬಂದು ಕಥೆ ಅಂತರಿಕ್ಷಕ್ಕೆ ಏರಿತು. ಭವಿಷ್ಯದ ಕಾಲದಲ್ಲಿ ನಡೆಯುವ ಆಟಗಳು ಈಗ ಹತ್ತಾರು ಇವೆ. ಅವುಗಳಲ್ಲಿ ಎಲ್ಲರೂ ಒಮ್ಮೆಯಾದರೂ ಆಡಲು ಬಯಸುವ ಕಥೆ ರೈಲು ದರೋಡೆ. ಅದನ್ನು ನಮ್ಮ ಯಾದಗಿರಿ ಸೀಮೆಯಲ್ಲೇ ಹೂಡುವುದು ಹೇಗೆ ಎಂದು ನೋಡೋಣ.

ರೈಲೇ ಯಾಕೆ? ಆಟಗಾರರನ್ನು ಊರೊಳಗೆ ಬಿಟ್ಟರೆ ದಿಕ್ಕಿಗೊಬ್ಬರಾಗಿ ಹೋಗುತ್ತಾರೆ, ನಡೆಸುವವರು ಅವರ ಹಿಂದೆ ಓಡಬೇಕು. ರೈಲಿನಲ್ಲಿ ಇರುವುದು ಮುಂದೆ, ಹಿಂದೆ, ಎರಡೇ ದಿಕ್ಕು. ರೈಲು ನಿಲ್ಲುವುದೂ ಇಲ್ಲ. ಹೊಸದಾಗಿ ಆಟ ನಡೆಸುವವರಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ.

ಮೊದಲು ಹಳಿ. ಇವತ್ತು ಶಹಾಪುರದವರಾಗಲಿ ಸುರಪುರದವರಾಗಲಿ ರೈಲು ಹತ್ತಬೇಕೆಂದರೆ ಯಾದಗಿರಿಗೆ ಬರಬೇಕು. ಮುಂಬೈ–ಚೆನ್ನೈ ಮಾರ್ಗ ಹಾದುಹೋಗುವುದು ಅಲ್ಲಿ. ಆದರೆ ಗದಗ–ವಾಡಿ ಹೊಸ ಮಾರ್ಗ ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರದ ಮೇಲೆ ಬರಲಿದೆ. ತಳಕಲ್‌ನಿಂದ ಕುಷ್ಟಗಿಯವರೆಗೆ 2025ರಲ್ಲಿ ರೈಲು ಓಡಾಟವೂ ಶುರುವಾಯಿತು. ನಿಮ್ಮ ಆಟ 2125ರಲ್ಲಿ ನಡೆಯಲಿ. ಅಷ್ಟರಲ್ಲಿ ಮಾರ್ಗ ಮುಗಿದಿರುತ್ತದೆ ಎಂದು ಧೈರ್ಯವಾಗಿ ನಂಬೋಣ. ನಕಾಶೆ ತೆಗೆದು ನೋಡಿ: ಸುರಪುರ, ಶಹಾಪುರ ಎರಡೂ ಭೀಮಾ ನದಿಯ ಬಲಕ್ಕಿವೆ, ವಾಡಿ ಎಡಕ್ಕಿದೆ. ಅಂದಮೇಲೆ ರೈಲು ಭೀಮೆಯನ್ನು ದಾಟಲೇಬೇಕು. ಆ ಸೇತುವೆಯೇ ನಿಮ್ಮ ಕಥೆಯ ಗಡುವು. ಸೇತುವೆ ಬರುವುದರೊಳಗೆ ಕೆಲಸ ಮುಗಿದರೆ ಗೆದ್ದರು, ಇಲ್ಲದಿದ್ದರೆ ಆಚೆ ದಂಡೆಯಲ್ಲಿ ಕಾವಲಿನವರು ಕಾಯುತ್ತಿರುತ್ತಾರೆ.

ಇನ್ನು ರೈಲಿನಲ್ಲಿ ಏನಿದೆ? ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿರುವುದು ಗೊತ್ತಿದ್ದವರು ಕೂಡಲೇ ಅದನ್ನೇ ತುಂಬಲು ಹೊರಡುತ್ತಾರೆ. ನನಗೇನೋ ಅದು ರುಚಿಸುವುದಿಲ್ಲ. ಕದ್ದಮೇಲೆ ಮಾರುತ್ತಾರೆ, ಕಥೆ ಮುಗಿಯಿತು. ನೀರು ತುಂಬಿ ನೋಡಿ. ಇದು ಬರೀ ಕಲ್ಪನೆಯಲ್ಲ. 2016ರ ಏಪ್ರಿಲ್‌ನಲ್ಲಿ ಬರಗಾಲದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲೇ ನೀರು ಹೋಯಿತು. ಮೊದಲ ರೈಲಿನಲ್ಲಿ 10 ಟ್ಯಾಂಕರ್ ವ್ಯಾಗನ್, 5 ಲಕ್ಷ ಲೀಟರ್. ಅಂದರೆ ಒಂದು ವ್ಯಾಗನ್ನಿಗೆ 50,000 ಲೀಟರ್, ತೂಕದಲ್ಲಿ 50 ಟನ್.

ಕಥೆಗೆ ಬಲ ಬರುವುದೇ ಈ ತೂಕದಿಂದ. ಚಿನ್ನವಾದರೆ ಚೀಲಕ್ಕೆ ತುಂಬಿ ಹಾರಬಹುದು. 50 ಟನ್ ನೀರನ್ನು ಏನು ಮಾಡುತ್ತೀರಿ? ವ್ಯಾಗನ್ನನ್ನೇ ಕಳಚಿ ಬೇರೆ ಹಳಿಗೆ ತಿರುಗಿಸುತ್ತೀರೋ, ನಾರಾಯಣಪುರ ಎಡದಂಡೆ ಕಾಲುವೆಯ ಮೇಲೆ ಹಳಿ ಹಾದುಹೋಗುವಲ್ಲಿ ವಾಲ್ವ್ ತೆರೆದು ಬಿಡುತ್ತೀರೋ, ಇಡೀ ರೈಲನ್ನೇ ಹೊಡೆದುಕೊಂಡು ಹೋಗುತ್ತೀರೋ? ಮೂರಕ್ಕೂ ಬೇರೆ ಬೇರೆ ತಯಾರಿ ಬೇಕು. ಆಟಗಾರರನ್ನು ಕಾಲುವೆಯ ಕೊನೆ ಭಾಗದ ಹಳ್ಳಿಯವರನ್ನಾಗಿ ಮಾಡಿ. ಜಲಾಶಯದಲ್ಲಿ ನೀರಿದ್ದೂ ತಮ್ಮ ಹೊಲಕ್ಕೆ ಬಾರದ ಸಿಟ್ಟು ಏನೆಂದು ಈ ಭಾಗದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಕದಿಯಲು ಕಾರಣ ಗಟ್ಟಿಯಾಗಿದ್ದರೆ ಆಟಗಾರರು ತಾವಾಗಿಯೇ ಜೀವ ತುಂಬುತ್ತಾರೆ.

ನಿಜವಾಗಿ ನಡೆದ ರೈಲು ದರೋಡೆಗಳನ್ನು ಸ್ವಲ್ಪ ಓದಿಕೊಂಡರೆ ಬಹಳ ಉಪಯೋಗ. 1925ರ ಆಗಸ್ಟ್ 9ರಂದು ಲಕ್ನೋ ಹತ್ತಿರದ ಕಾಕೋರಿಯಲ್ಲಿ ರಾಮಪ್ರಸಾದ್ ಬಿಸ್ಮಿಲ್ ಮತ್ತು ಸಂಗಡಿಗರು ಚೈನ್ ಎಳೆದು ರೈಲು ನಿಲ್ಲಿಸಿದರು, ಸರ್ಕಾರದ ಹಣವಿದ್ದ ಪೆಟ್ಟಿಗೆಯನ್ನು ಗಾರ್ಡಿನ ಡಬ್ಬಿಯಿಂದ ಕೆಳಗೆ ತಳ್ಳಿದರು. ಪೆಟ್ಟಿಗೆ ತೆರೆಯಲಿಲ್ಲ. ಸುತ್ತಿಗೆ ಹಿಡಿದು ಅಶ್ಫಾಖುಲ್ಲಾ ಖಾನ್ ಬಡಿಯಬೇಕಾಯಿತು. ಅಷ್ಟರಲ್ಲಿ ಗುಂಡು ತಗುಲಿ ಒಬ್ಬ ಪ್ರಯಾಣಿಕ ಸತ್ತ. ರೈಲು ನಿಲ್ಲಿಸುವುದಕ್ಕಿಂತ ನಿಂತಮೇಲಿನ ಹೊತ್ತೇ ಅಪಾಯದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನಲ್ಲಿ 1963ರ ಆಗಸ್ಟ್ 8ರಂದು ಅಂಚೆ ರೈಲನ್ನು ದೋಚಿದವರು ಹಸಿರು ಸಿಗ್ನಲ್ಲಿಗೆ ಕೈಗವಸು ಮುಚ್ಚಿ, ಬ್ಯಾಟರಿಯಿಂದ ಕೆಂಪು ದೀಪ ಹೊತ್ತಿಸಿದರು. ಉಪಾಯ ಫಲಿಸಿತು. ಆದರೆ ಅವರು ಕರೆತಂದಿದ್ದ ಚಾಲಕನಿಗೆ ಆ ಡೀಸೆಲ್ ಎಂಜಿನ್ ಓಡಿಸಲು ಬರಲಿಲ್ಲ! ಆಮೇಲೆ ಅಡಗಿಕೊಂಡಿದ್ದ ತೋಟದ ಮನೆಯಲ್ಲಿ ಮೊನಾಪಲಿ ಆಡಿ ಹೊತ್ತು ಕಳೆದರು. ಆ ಆಟದ ಹಲಗೆಯ ಮೇಲಿನ ಬೆರಳಚ್ಚುಗಳೇ ಪೊಲೀಸರಿಗೆ ಸಾಕ್ಷ್ಯವಾದವು.

ಮೂರನೆಯದು ನಮ್ಮ ಪಕ್ಕದ್ದೇ. 2016ರ ಆಗಸ್ಟ್‌ನಲ್ಲಿ ಸೇಲಂ–ಚೆನ್ನೈ ಎಕ್ಸ್‌ಪ್ರೆಸ್‌ನಲ್ಲಿ ರಿಸರ್ವ್ ಬ್ಯಾಂಕಿಗೆ ಹೋಗುತ್ತಿದ್ದ ಹಳೆ ನೋಟುಗಳಲ್ಲಿ 5.78 ಕೋಟಿ ರೂಪಾಯಿ ಮಾಯವಾಯಿತು. ಕಳ್ಳರು ಬೋಗಿಯ ಚಾವಣಿ ಕೊರೆದು ಇಳಿದಿದ್ದರು. ಚಾವಣಿ ಏರಲು ಆದದ್ದು ಮಾರ್ಗದ ಆ ಭಾಗದಲ್ಲಿ ಆಗ ವಿದ್ಯುತ್ ತಂತಿ ಇಲ್ಲದಿದ್ದರಿಂದ. ಈಗ ಯಾದಗಿರಿ ಮಾರ್ಗದ ಮೇಲಿರುವಂಥ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮುಟ್ಟುವುದೇ ಬೇಡ, ಹತ್ತಿರ ಹೋದರೂ ಸುಟ್ಟುಹಾಕುತ್ತದೆ. ಸಿನಿಮಾ ನೋಡಿದ ಆಟಗಾರ ಮೊದಲಿಗೆ ‘ಚಾವಣಿ ಮೇಲೆ ಓಡ್ತೀನಿ’ ಅನ್ನುತ್ತಾನೆ. ಆದ್ದರಿಂದ ನಿಮ್ಮ 2125ರ ರೈಲಿಗೆ ತಂತಿ ಇದೆಯೋ ಇಲ್ಲವೋ ಮುಂಚೆಯೇ ನಿರ್ಧರಿಸಿ. ಶಹಾಪುರದ ಹತ್ತಿರ ಮಾತ್ರ ಐದು ನಿಮಿಷ ತಂತಿಯಲ್ಲಿ ಕರೆಂಟ್ ಇರುವುದಿಲ್ಲ, ರೈಲು ಬ್ಯಾಟರಿ ಮೇಲೆ ಓಡುತ್ತದೆ ಅನ್ನಿ. ಆ ಐದು ನಿಮಿಷಕ್ಕಾಗಿ ಆಟಗಾರರೆಲ್ಲ ತುದಿಗಾಲಲ್ಲಿ ನಿಲ್ಲುತ್ತಾರೆ.

ಬ್ರೇಕಿನ ವಿಷಯವೂ ಹೀಗೆಯೇ. ರೈಲಿನ ಉದ್ದಕ್ಕೂ ಗಾಳಿ ತುಂಬಿದ ಪೈಪು ಇರುತ್ತದೆ. ಬೋಗಿ ಕಳಚಿ ಪೈಪು ಹರಿದರೆ ಗಾಳಿ ಸೋರಿ, ಎರಡೂ ಭಾಗದ ಬ್ರೇಕ್ ತಾನಾಗಿ ಹಿಡಿಯುತ್ತದೆ. ನಡುವಿನ ವ್ಯಾಗನ್ ಕಳಚಿದರೆ ಎಂಜಿನ್ನು ಗೊತ್ತೇ ಇಲ್ಲದಂತೆ ಮುಂದೆ ಹೋಗುವುದು ಸಿನಿಮಾದಲ್ಲಿ ಮಾತ್ರ. ಸಿಗ್ನಲ್ ಮೋಸವೂ ಈಗ ಸುಲಭವಲ್ಲ. ಚಾಲಕ ಕೆಂಪು ದಾಟಿದರೆ ತಾನೇ ಬ್ರೇಕ್ ಹಾಕುವ ‘ಕವಚ’ ವ್ಯವಸ್ಥೆಯನ್ನು ನಮ್ಮ ರೈಲ್ವೆ ಅಳವಡಿಸುತ್ತಿದೆ. ನೂರು ವರ್ಷದ ನಂತರ ಅದರ ಮೊಮ್ಮಗ ಎಷ್ಟು ಚುರುಕಾಗಿರಬಹುದು, ನೀವೇ ಯೋಚಿಸಿ.

ಈಗ ರೈಲನ್ನು ಕಟ್ಟುವ ಕೆಲಸ. ಆರು ರಟ್ಟಿನ ಚೀಟಿ ಕತ್ತರಿಸಿ ಮೇಜಿನ ಮೇಲೆ ಸಾಲಾಗಿ ಇಡಿ. ಒಂದೊಂದು ಚೀಟಿ ಒಂದೊಂದು ಬೋಗಿ. ನೀರಿನ ವ್ಯಾಗನ್ ಜೊತೆ ಪ್ರಯಾಣಿಕರ ಬೋಗಿಯೂ ಇರುವ ರೈಲು ಅನ್ನಿ. ಪ್ರತಿಯೊಂದರ ಹಿಂದೆ ಕಾಣುವುದೇನು, ಇರುವವರು ಯಾರು, ಕೈಗೆ ಸಿಗುವುದೇನು ಎಂದು ಬರೆಯಿರಿ. ಮಾದರಿಗೆ ಒಂದು ಚೀಟಿ: ‘ಮೂರನೇ ಬೋಗಿ, ಜನರಲ್. ಕಾಲಿಡಲು ಜಾಗವಿಲ್ಲ. ಗುಳೆ ಹೊರಟ ಹತ್ತು ಮನೆಯವರು. ಅವರಲ್ಲೊಬ್ಬ ಅಜ್ಜಿಗೆ ಆಟಗಾರರಲ್ಲಿ ಒಬ್ಬನ ಗುರುತು ಸಿಗುತ್ತದೆ, ಹೆಸರು ಹಿಡಿದು ಕೂಗುತ್ತಾಳೆ. ಸಿಗುವುದು: ರೊಟ್ಟಿ ಗಂಟು, ಹಗ್ಗ, ಹಳೆ ಸ್ಟವ್.’ ಇಷ್ಟೇ ಸಾಕು. ಅಜ್ಜಿಯ ಬಾಯಿ ಮುಚ್ಚಿಸುವುದು ಹೇಗೆಂದು ನೀವು ಬರೆಯಕೂಡದು. ತೊಡಕು ಹೂಡುವುದಷ್ಟೇ ನಿಮ್ಮ ಕೆಲಸ, ಬಿಡಿಸುವುದು ಆಟಗಾರರದು. ಉತ್ತರವನ್ನೂ ನೀವೇ ಬರೆದುಕೊಂಡು ಕೂತರೆ ಅವರು ಅದನ್ನು ಊಹಿಸುವವರೆಗೆ ಎಲ್ಲರೂ ಆಕಳಿಸುತ್ತಾರೆ.

ಸಮಯ ತೋರಿಸಲು ಕಾಗದದ ಮೇಲೆ ಒಂದು ವೃತ್ತ ಬರೆದು ಎಂಟು ಹೋಳು ಮಾಡಿ. ಇದಕ್ಕೆ ಕ್ಲಾಕ್ ಅನ್ನುತ್ತಾರೆ. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಆಟದಿಂದ ಇದು ಹೆಚ್ಚು ಬಳಕೆಗೆ ಬಂತು. ದಾಳ ಕೈಕೊಟ್ಟಾಗ, ಇಲ್ಲವೇ ಆಟಗಾರರು ಸುಮ್ಮನೆ ಹೊತ್ತು ಕಳೆದಾಗ ಒಂದು ಹೋಳಿಗೆ ಕಪ್ಪು ತುಂಬಿ. ಎಂಟೂ ತುಂಬಿದರೆ ಭೀಮಾ ಸೇತುವೆ ಬಂತು.

ಅದೇ ಆಟದ ಇನ್ನೊಂದು ಉಪಾಯವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದರ ಹೆಸರು ಫ್ಲ್ಯಾಶ್‌ಬ್ಯಾಕ್, ಅಂದರೆ ಹಿಂದೆ ಮಾಡಿಟ್ಟದ್ದನ್ನು ಈಗ ಹೇಳುವುದು. ದರೋಡೆ ಕಥೆಯ ದೊಡ್ಡ ಕಾಟವೆಂದರೆ ಆಟಗಾರರು ಎರಡು ಗಂಟೆ ಬರೀ ಯೋಜನೆ ಹಾಕುತ್ತಾ ಕೂರುವುದು. ‘ಹಾಂಗಾದ್ರ?’ ‘ಹೀಂಗಾದ್ರ?’ ಎಂದು ಮುಗಿಯುವುದೇ ಇಲ್ಲ. ಅದನ್ನು ಕತ್ತರಿಸಿ ನೇರವಾಗಿ ರೈಲಿನೊಳಗೆ ಇಳಿಸಿ. ಬೇಕಾದ ತಯಾರಿಯನ್ನು ನಡುವೆ ನೆನಪಿಸಿಕೊಳ್ಳಲಿ. ಮೇಜಿನ ಬಳಿ ಅದು ಹೀಗೆ ನಡೆಯುತ್ತದೆ:

‘ಅಕ್ಕಾ, ಈ ಬಾಗಲದ ಕೀಲಿ ನನ್ನ ಕಡೆ ಅದ. ಹೋದ ವಾರನೇ ತಂದಿಟ್ಟೀನಿ.’

‘ಎಲ್ಲಿಂದ ತಂದಿ?’

‘ಕಡೇಚೂರ ಫ್ಯಾಕ್ಟ್ರಿಯಿಂದ. ನಮ್ಮ ಮಾವ ಅಲ್ಲೇ ಕೆಲಸಕ್ಕ ಅದಾನ.’

‘ಆತು. ಮಾವ ಸುಮ್ಮನ ಕೊಟ್ಟನೇನು? ದಾಳ ಹಾಕು. ಒಂದು ಹೋಳು ತುಂಬತೀನಿ.’

ಬೆಲೆ ತೆರಿಸದೆ ಫ್ಲ್ಯಾಶ್‌ಬ್ಯಾಕ್ ಕೊಡಬೇಡಿ. ಆಗಿಹೋದದ್ದನ್ನು ಅಳಿಸಲು ಬಿಡಬೇಡಿ. ಇನ್ನು ಆ ಫ್ಯಾಕ್ಟ್ರಿ: ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಬೋಗಿಗಳ ಚೌಕಟ್ಟು ಮಾಡುವ ರೈಲ್ವೆ ಕಾರ್ಖಾನೆ ನಿಜವಾಗಿಯೂ ಇದೆ. ಗೊತ್ತಿರುವ ಊರಿನಲ್ಲಿ ಆಟ ಹೂಡುವುದರ ಲಾಭವೇ ಇದು, ಆಟಗಾರರ ಬಾಯಿಗೆ ಇಂಥ ವಿವರ ತಾನಾಗಿ ಬರುತ್ತದೆ.

ಓಡಿಹೋಗುವ ದಾರಿಯನ್ನೂ ಯೋಚಿಸಿ ಎಂದು ಆಟಗಾರರಿಗೆ ಹೇಳಿ. ಇದಕ್ಕೆ ಸುರಪುರದ ಚರಿತ್ರೆಯೇ ಪಾಠ. 1705ರಲ್ಲಿ ಔರಂಗಜೇಬನೇ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ಅಲ್ಲಿ ಆಳುತ್ತಿದ್ದ ನಾಯಕ ತಪ್ಪಿಸಿಕೊಂಡ. ನಿಮ್ಮ ಅಡಗುತಾಣ ಆ ಕೋಟೆಯೇ ಇರಲಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮೇಲೆ ದೀಪ ತೋರಿಸುವವನನ್ನು ನಿಲ್ಲಿಸಿ. ಹಳ್ಳಿಯವರನ್ನು ಕದಿಯಲು ಹುರಿದುಂಬಿಸಿದ ಸಾಹೇಬರೊಬ್ಬರು ಬೇಕೆನಿಸಿದರೆ ಅವರನ್ನು ಸುರಪುರದ ಟೇಲರ್ ಮಂಜಿಲ್‌ನಲ್ಲಿ ಕೂರಿಸಿ. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ ದಾರಿಗಳ್ಳರ ಮೇಲೆ 1839ರಲ್ಲಿ ಕಾದಂಬರಿ ಬರೆದವನು, ಜಾಗ ಹೊಂದುತ್ತದೆ.

ನಿಯಮ ಯಾವುದು? ಮೊದಲ ಸಲಕ್ಕೆ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಸಾಕು. ಇದೂ ಹಾರ್ಪರ್ ಅವರದೇ, ಒಂದೇ ಪುಟ. ಪ್ರತಿ ಆಟಗಾರ 2ರಿಂದ 5ರೊಳಗೆ ಒಂದು ಅಂಕಿ ಆರಿಸಿಕೊಳ್ಳಬೇಕು. ಯಂತ್ರ, ಲೆಕ್ಕಾಚಾರದ ಕೆಲಸವಾದರೆ ದಾಳ ಆ ಅಂಕಿಗಿಂತ ಕೆಳಗೆ ಬೀಳಬೇಕು. ಮಾತು, ಮನಸ್ಸಿನ ಕೆಲಸವಾದರೆ ಮೇಲೆ ಬೀಳಬೇಕು. ದೊಡ್ಡ ಅಂಕಿಯವನು ಬೀಗ ತೆರೆಯಬಲ್ಲ, ಚಿಕ್ಕ ಅಂಕಿಯವನು ಅಜ್ಜಿಯನ್ನು ಒಲಿಸಬಲ್ಲ. ಸಾಮಾನ್ಯವಾಗಿ ಒಂದು ದಾಳ, ತಯಾರಿ ಇದ್ದರೆ ಎರಡು, ಆ ಕೆಲಸದಲ್ಲಿ ಪಳಗಿದವನಾದರೆ ಇನ್ನೊಂದು. ಸರಿಯಾದ ದಾಳ ಒಂದೂ ಬೀಳದಿದ್ದರೆ ಕೆಲಸ ಕೆಟ್ಟಿತು. ಒಂದು ಬಿದ್ದರೆ ಹೇಗೋ ಆಯಿತು, ಎರಡು ಬಿದ್ದರೆ ಚೆನ್ನಾಗಿ ಆಯಿತು.

ಖರ್ಚು ಕೇಳಿದರೆ ನಗುತ್ತೀರಿ. ಆ ನಿಯಮಪುಟ ಇಂಟರ್‌ನೆಟ್ಟಿನಲ್ಲಿ ಉಚಿತ. ಇಂಗ್ಲಿಷಿನಲ್ಲಿದೆ, ಆದರೆ ಮೇಲೆ ಹೇಳಿದಷ್ಟು ತಿಳಿದರೆ ಅದಿಲ್ಲದೆಯೂ ಆಡಬಹುದು. ದಾಳಕ್ಕೆ ಮನೆಯ ಲೂಡೋ ಡಬ್ಬಿ ತೆರೆಯಿರಿ, ಇಲ್ಲವೇ ಸ್ಟೇಷನರಿ ಅಂಗಡಿಯಲ್ಲಿ ಕೇಳಿ. ಮುಂದೆ ದೊಡ್ಡ ಆಟಗಳಿಗೆ ಹೋದರೆ ಇಪ್ಪತ್ತು ಮುಖದ ದಾಳವಿರುವ ಏಳರ ಸೆಟ್ಟು ಬೇಕಾಗುತ್ತದೆ. ಅದನ್ನು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ತರಿಸಬೇಕು. ‘ಸ್ಟಾರ್ಸ್ ವಿದೌಟ್ ನಂಬರ್’ ಎಂಬ ಅಂತರಿಕ್ಷದ ಆಟದ ಉಚಿತ ಆವೃತ್ತಿಯೂ ಇದೆ. ಆಟ ನಡೆಸುವವರು ಒಬ್ಬರು, ಆಡುವವರು ಮೂವರಿಂದ ಐವರು, ಮೂರು ಗಂಟೆ ಬಿಡುವು. ಚಿಕ್ಕ ಮಕ್ಕಳಿದ್ದರೆ ಬಂದೂಕು, ರಕ್ತ ಎಷ್ಟಿರಲಿ ಎಂದು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಆಟವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಯಾದಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ‘ಎಂಜಿನ್ ನೀನು ಹಿಡಿ, ಗಾರ್ಡನ್ನ ನಾ ನೋಡ್ಕೊಂತೀನಿ’ ಎಂದು ಜೋರಾಗಿ ಯೋಜನೆ ಹಾಕಬೇಡಿ, ಪಕ್ಕದಲ್ಲಿರುವ ರೈಲ್ವೆ ಪೊಲೀಸರಿಗೆ ಅದು ಆಟವೆಂದು ತಿಳಿಯುವುದಿಲ್ಲ. ಅಂದಹಾಗೆ, ಕಾರಣವಿಲ್ಲದೆ ಚೈನ್ ಎಳೆದರೆ ರೈಲ್ವೆ ಕಾಯ್ದೆಯ 141ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.