ಸಣ್ಣ ಉದ್ಯಮಗಳಿಗೆ ಬಾಕಿಯ ಭಾರ

ಸಣ್ಣ ಉದ್ಯಮಗಳ ಸಂಕಷ್ಟದ ಮಾತು ಬಂದಾಗಲೆಲ್ಲ ಬ್ಯಾಂಕ್ ಸಾಲ, ವಿದ್ಯುತ್, ಕುಶಲ ಕಾರ್ಮಿಕರ ಕೊರತೆಗಳು ಚರ್ಚೆಯಾಗುತ್ತವೆ. ಅಷ್ಟೇ ಗಂಭೀರವಾದ ಇನ್ನೊಂದು ಸಮಸ್ಯೆ ಬದಿಗೆ ಸರಿಯುತ್ತದೆ. ಅದು, ಮಾಡಿಕೊಟ್ಟ ಕೆಲಸಕ್ಕೆ ಸಕಾಲದಲ್ಲಿ ಹಣ ಬಾರದಿರುವುದು.

ಬೆಂಗಳೂರಿನ ಪೀಣ್ಯದಲ್ಲಿ ದೊಡ್ಡ ಕಂಪನಿಯೊಂದಕ್ಕೆ ಬಿಡಿಭಾಗ ತಯಾರಿಸಿಕೊಡುವ ಘಟಕವನ್ನು ಊಹಿಸಿಕೊಳ್ಳಿ. 10 ಲಕ್ಷ ರೂಪಾಯಿಯ ಸರಕಿಗೆ 45 ದಿನಗಳ ಬದಲು 120 ದಿನಗಳ ನಂತರ ಹಣ ಬಂತೆನ್ನೋಣ. ನಡುವಿನ 75 ದಿನಗಳಿಗೆ ಶೇ 12ರ ದರದಲ್ಲಿ ಸಾಲ ಮಾಡಿದರೆ ಬಡ್ಡಿಯೇ ಸುಮಾರು 25 ಸಾವಿರ ರೂಪಾಯಿ. ಲಾಭ ಶೇ 5ರಷ್ಟಿದ್ದರೆ ಅದರಲ್ಲಿ ಅರ್ಧ ಅಲ್ಲಿಗೇ ಕರಗಿತು. ಹಣ ಕೈಸೇರದಿದ್ದರೂ ಆ ಬಿಲ್ಲಿನ ಜಿಎಸ್‌ಟಿಯನ್ನು ಮರುತಿಂಗಳು ಕಟ್ಟಲೇಬೇಕು. ಕಾರ್ಮಿಕರ ಸಂಬಳವೂ ಕಾಯುವುದಿಲ್ಲ. ಹೊಸ ಯಂತ್ರದ ಖರೀದಿ ಮುಂದಕ್ಕೆ ಹೋಗುತ್ತದೆ, ಉತ್ಪಾದಕತೆ ಕುಗ್ಗುತ್ತದೆ. ವಾಸ್ತವದಲ್ಲಿ ಇದು ಸಣ್ಣವರು ದೊಡ್ಡವರಿಗೆ ನೀಡುವ ಬಡ್ಡಿರಹಿತ ಸಾಲ.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಬಡ್ಡಿ ಕೇಳುವವರು ಯಾರು? ಒಂದೆರಡು ಗ್ರಾಹಕರನ್ನೇ ನಂಬಿಕೊಂಡ ಉದ್ಯಮಿ ದೂರು ನೀಡುವುದೆಂದರೆ ನೀರಿನಲ್ಲಿದ್ದು ಮೊಸಳೆಯ ವೈರ ಕಟ್ಟಿಕೊಂಡಂತೆ. ಬಾಕಿ ಬಂದರೂ ಮುಂದಿನ ಆರ್ಡರ್ ಬರಲಾರದು.

ಈ ದೃಷ್ಟಿಯಿಂದ 2023ರ ಹಣಕಾಸು ಕಾಯ್ದೆ ತಂದ ಬದಲಾವಣೆ ಗಮನಾರ್ಹ. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಖರೀದಿದಾರರು ಅದನ್ನು ವೆಚ್ಚವೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಡಿತ ಪಡೆಯುವಂತಿಲ್ಲ. ದೂರಿನ ಅಗತ್ಯವಿಲ್ಲದೆಯೇ ಕಾನೂನು ಕೆಲಸ ಮಾಡುವ ವ್ಯವಸ್ಥೆ ಇದು. ಇದರಿಂದ ಖರೀದಿದಾರರು ಸಣ್ಣವರನ್ನು ಬಿಟ್ಟು ಮಧ್ಯಮ ಗಾತ್ರದ ಪೂರೈಕೆದಾರರತ್ತ ಹೊರಳಬಹುದೆಂಬ ಆತಂಕವೂ ವ್ಯಕ್ತವಾಯಿತು. ಅದಕ್ಕೆ ಉತ್ತರ ನಿಯಮವನ್ನು ಸಡಿಲಿಸುವುದಲ್ಲ. ಮಧ್ಯಮ ಉದ್ಯಮಗಳಿಗೂ ಅದೇ ರಕ್ಷಣೆ ವಿಸ್ತರಿಸುವುದು.

ಸಣ್ಣ ಉದ್ಯಮಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಆರು ತಿಂಗಳಿಗೊಮ್ಮೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ವರದಿ ಸಲ್ಲಿಸಬೇಕೆಂಬ ಆದೇಶ 2019ರಲ್ಲೇ ಬಂದಿದೆ. ಆ ವರದಿ ಕಡತ ಸೇರಿದರೆ ಸಾಲದು. ಸರ್ಕಾರ ಗುತ್ತಿಗೆ ನೀಡುವಾಗ, ಬ್ಯಾಂಕುಗಳು ಸಾಲ ಮಂಜೂರು ಮಾಡುವಾಗ ಅದನ್ನು ಪರಿಗಣಿಸಬೇಕು. ಸರ್ಕಾರಿ ಇಲಾಖೆಗಳೂ ತಮ್ಮ ಬಾಕಿಯನ್ನು ಮೊದಲು ತೀರಿಸಿ ಮೇಲ್ಪಂಕ್ತಿ ಹಾಕಬೇಕು. ಸಣ್ಣ ಉದ್ಯಮಿ ಕೇಳುತ್ತಿರುವುದು ರಿಯಾಯಿತಿಯನ್ನಲ್ಲ, ದುಡಿದ ಹಣವನ್ನು.