ನಿಮಗಿದು ಗೊತ್ತೇ? ಪುಟ್ಟ ಪ್ರೋಗ್ರಾಂ, ದೊಡ್ಡ ಬಾಳಿಕೆ

1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಕಂಪ್ಯೂಟರುಗಳ ಒಟ್ಟು ಮೆಮೊರಿ ಸುಮಾರು 70 ಕಿಲೋಬೈಟ್. ಬೆಳಗಾದರೆ ವಾಟ್ಸಾಪಿಗೆ ಬಂದು ಬೀಳುವ ಒಂದು ‘ಶುಭೋದಯ’ದ ಚಿತ್ರ ಅಷ್ಟರಲ್ಲಿ ಹಿಡಿಸುವುದೂ ಅನುಮಾನ. 2023ರ ನವೆಂಬರಿನಲ್ಲಿ ನೌಕೆ ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ಮೆಮೊರಿಯ ಒಂದು ಚಿಪ್ ಕೆಟ್ಟಿತ್ತು. ದೂರವೋ ಸುಮಾರು 2,400 ಕೋಟಿ ಕಿ.ಮೀ.; ಒಂದು ಆದೇಶ ಹೋಗಿ ಮುಟ್ಟಲು 22 ಗಂಟೆಗೂ ಹೆಚ್ಚು, ಉತ್ತರ ಬರಲು ಮತ್ತೆ ಅಷ್ಟೇ. ನಾಸಾದ ಎಂಜಿನಿಯರುಗಳು ಕೆಟ್ಟ ಚಿಪ್ಪಿನಲ್ಲಿದ್ದ ಕೋಡನ್ನು ತುಂಡು ಮಾಡಿ, ಮೆಮೊರಿಯಲ್ಲಿ ಬೇರೆಲ್ಲಿ ಜಾಗ ಸಿಕ್ಕಿತೋ ಅಲ್ಲಿಗೆ ಸೇರಿಸಿದರು. 2024ರ ಏಪ್ರಿಲಿನಲ್ಲಿ ನೌಕೆ ತನ್ನ ಕ್ಷೇಮ ಸಮಾಚಾರ ತಿಳಿಸಿತು.

ಅದೇ ವರ್ಷ ಜುಲೈ 19ರಂದು ಭೂಮಿಯ ಮೇಲೆ ನಡೆದದ್ದು ಬೇರೆ ಕಥೆ. ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವು. ಇದು ಮೈಕ್ರೋಸಾಫ್ಟಿನದೇ ಅಂದಾಜು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲೇ ಬರೆದುಕೊಟ್ಟರು. ಆದ ತಪ್ಪೇನು? ಕೊಟ್ಟಿದ್ದು 20 ಮೌಲ್ಯ. ಪ್ರೋಗ್ರಾಂ ಇಲ್ಲದ 21ನೆಯದನ್ನು ಓದಲು ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ ದೋಷ ವಿಂಡೋಸಿನದಲ್ಲ. ಆದರೆ ಎಲ್ಲರೂ ಒಂದೇ ದೋಣಿ ಹತ್ತಿದ್ದರು.

ವಿಂಡೋಸ್ 95 ಸತತ 49.7 ದಿನ ಚಾಲೂ ಇದ್ದರೆ ಸ್ತಬ್ಧವಾಗುತ್ತಿತ್ತು. ಮಿಲಿಸೆಕೆಂಡು ಎಣಿಸುವ ಅದರ ಲೆಕ್ಕ ಸುಮಾರು 429 ಕೋಟಿಗೆ ಮುಗಿದುಹೋಗುತ್ತಿತ್ತು. ಇದು ಪತ್ತೆಯಾಗಲು ವರ್ಷಗಳೇ ಹಿಡಿದವು. ಅಷ್ಟು ದಿನ ಕೆಡದೆ ನಡೆದರೆ ತಾನೆ ಗೊತ್ತಾಗುವುದು!

ಹಾಗಂತ ಯಂತ್ರದೊಳಗೆ ಅಡಗಿ ಕೂತ ಪುಟ್ಟ ತಂತ್ರಾಂಶವೆಲ್ಲ ಗಟ್ಟಿಯೆಂದಲ್ಲ. ಬೋಯಿಂಗ್ 787ರ ಜನರೇಟರ್ ನಿಯಂತ್ರಕಗಳಲ್ಲೂ ಇಂಥದೇ ಲೆಕ್ಕದ ದೋಷವಿತ್ತು: 248 ದಿನ ಒಂದೇ ಸಮನೆ ಆನ್ ಇದ್ದರೆ ಎಲ್ಲವೂ ಒಟ್ಟಿಗೆ ಕೈಕೊಡಬಹುದಿತ್ತು. ಪುಣ್ಯಕ್ಕೆ ಇದು ಪ್ರಯೋಗಾಲಯದಲ್ಲೇ ಸಿಕ್ಕಿಬಿತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಕೊಟ್ಟ ತಾತ್ಕಾಲಿಕ ಮದ್ದು: ಆಗಾಗ ಆಫ್ ಮಾಡಿ, ಆನ್ ಮಾಡಿ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಹೆಸರು ಕೇಳಿಲ್ಲವೇ? ನಿಮ್ಮ ಫೋನಿನಲ್ಲೇ ಇದೆ. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ. ಅಮೆರಿಕದ ನೌಕಾಪಡೆಯ ಯುದ್ಧನೌಕೆಗೆ ತಂತ್ರಾಂಶ ಬರೆಯುತ್ತಿದ್ದ ರಿಚರ್ಡ್ ಹಿಪ್‌ಗೆ ಒಂದು ತಲೆನೋವಿತ್ತು. ಡೇಟಾಬೇಸ್ ಸರ್ವರ್ ಮಲಗಿದಾಗಲೆಲ್ಲ ಬೈಗುಳ ಬೀಳುತ್ತಿದ್ದುದು ಅವರ ಪ್ರೋಗ್ರಾಮಿಗೆ, ಏಕೆಂದರೆ ಪರದೆಯ ಮೇಲೆ ಸಂದೇಶ ತೋರಿಸುತ್ತಿದ್ದುದು ಅದೇ. ಸರ್ವರೇ ಬೇಡವಾದರೆ ಕೆಡುವುದೇನು? 2000ದಲ್ಲಿ ಹೊರಬಂದ ಎಸ್‌ಕ್ಯೂಲೈಟ್ ಬರೀ ಒಂದು ಫೈಲಿನಲ್ಲಿ ಎಲ್ಲವನ್ನೂ ಇಡುತ್ತದೆ. ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಬಳಸಬಹುದು. ಆದರೆ ಊರವರೆಲ್ಲ ಕೈಹಾಕುವಂತಿಲ್ಲ. ಕೆಲವೇ ಮಂದಿ ಬರೆಯುತ್ತಾರೆ. ಅದನ್ನು ಪರೀಕ್ಷಿಸಲೆಂದು ಬರೆದ ಕೋಡು ಮೂಲ ಕೋಡಿನ ಸುಮಾರು 590 ಪಟ್ಟು! ನನ್ನನ್ನು ಕೇಳಿದರೆ ಅದರ ಗುಟ್ಟು ಇರುವುದು ಇಲ್ಲೇ, ಪುಕ್ಕಟೆ ಎಂಬುದರಲ್ಲಿ ಅಲ್ಲ.

ಅಕ್ಷರ ಜೋಡಣೆಯ ‘ಟೆಕ್’ ತಂತ್ರಾಂಶದಲ್ಲಿ ಹೊಸ ತಪ್ಪು ತೋರಿಸಿದವರಿಗೆ ಅದರ ಕರ್ತೃ ಡೊನಾಲ್ಡ್ ಕ್ನೂತ್ 327.68 ಡಾಲರ್ ಬಹುಮಾನ ಇಟ್ಟಿದ್ದಾರೆ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ‘ಪೈ’ಗೆ ಒಂದಂಕಿ ಹತ್ತಿರವಾಗುತ್ತದೆ. 2021ರದ್ದು 3.141592653.

ಮಂಗಳನ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯೊಳಗೆ ಇದ್ದದ್ದು ಕೋಡು ತೆರೆದಿಟ್ಟ ಆಪರೇಟಿಂಗ್ ಸಿಸ್ಟಂ ಲಿನಕ್ಸ್, ಜತೆಗೊಂದು ಮೊಬೈಲ್ ಫೋನಿನ ಪ್ರೊಸೆಸರ್. ಐದು ಸಲ ಹಾರಿದರೆ ಸಾಕೆಂದುಕೊಂಡಿದ್ದರು. ಹಾರಿದ್ದು 72 ಸಲ.

ಜಗತ್ತಿನ 500 ಅತಿವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸೇ.

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ಮೂ ಇಲ್ಲ, ಇಂಟರ್ನೆಟ್ಟೂ ಇಲ್ಲ; ಬ್ಯಾಟರಿ ಇದ್ದರೆ ಕರೆಂಟಿಲ್ಲದ ಊರಲ್ಲೂ ನಡೆಯುತ್ತದೆ. ಸರಳವೇನೋ ಹೌದು, ಆದರೆ ಅದರ ಕೋಡನ್ನು ಸಾರ್ವಜನಿಕರ ಮುಂದೆ ಇಟ್ಟಿಲ್ಲ.

ಕೋಡು ತೆರೆದಿಟ್ಟ ಮಾತ್ರಕ್ಕೆ ಯಾರಾದರೂ ಓದುತ್ತಾರೆಂಬ ಭರವಸೆಯೂ ಇಲ್ಲ. ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಇತ್ತು. 2024ರ ಮಾರ್ಚಿನಲ್ಲಿ ಲಿನಕ್ಸಿನ ‘ಎಕ್ಸ್‌ಝಡ್’ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿ ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಅವರಿಗೆ ಸಂಬಳ ಕೊಡುತ್ತಿದ್ದದ್ದು ಮೈಕ್ರೋಸಾಫ್ಟ್!

2038ರ ಜನವರಿ 19, ಭಾರತದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. 32 ಬಿಟ್‌ಗಳಲ್ಲಿ ಕಾಲ ಎಣಿಸುವ ಹಳೆಯ ಯಂತ್ರಗಳ ಗಡಿಯಾರ ಮರುಕ್ಷಣವೇ 1901ರ ಡಿಸೆಂಬರಿಗೆ ಜಿಗಿಯುತ್ತದೆ. ಲಿನಕ್ಸ್ ಇದಕ್ಕೆ 2020ರಲ್ಲೇ ತಿದ್ದುಪಡಿ ಮಾಡಿಕೊಂಡಿದೆ; ಗೋಡೆಗೆ ತಗುಲಿಹಾಕಿ ಮರೆತ ಹಳೆಯ ಪೆಟ್ಟಿಗೆಗಳಿಗೆ ಅದನ್ನು ತಲುಪಿಸುವ ಕೆಲಸ ಬಾಕಿ.