ಕೌದಿಗೆ ಒತ್ತಿದ ಮುದ್ರೆ

ರಬ್ಬರ್ ಮುದ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಚೇರಿ. ಅರ್ಜಿಯ ಮೂಲೆಯಲ್ಲಿ ಓರೆಯಾಗಿ ಬಿದ್ದ ನೇರಳೆ ಬಣ್ಣದ ವೃತ್ತ, ಅದರೊಳಗೆ ಅರ್ಧ ಮಾಸಿದ ಅಕ್ಷರಗಳು, ಮೇಲೊಂದು ಸಹಿ. ಇಷ್ಟಿದ್ದರೆ ಕಾಗದಕ್ಕೆ ಜೀವ ಬಂದಂತೆ. ಕೌದಿ ಎಂದೊಡನೆ ನೆನಪಾಗುವುದು ಮನೆ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದಲೇ ಹೊಲಿದ ಬೆಚ್ಚನೆಯ ಹೊದಿಕೆ. ಈ ಎರಡಕ್ಕೂ ಎಲ್ಲಿಯ ಸಂಬಂಧ ಎಂದು ಕೇಳುಗರಿಗೆ ಸೋಜಿಗವೆನಿಸಬಹುದು. ಆದರೆ ಅರಿವೆಯ ತುಂಡುಗಳ ಮೇಲೆ ರಬ್ಬರ್ ಅಚ್ಚಿನಿಂದ ಹೂವನ್ನೋ ಹಕ್ಕಿಯನ್ನೋ ಹೆಸರನ್ನೋ ಒತ್ತಿ, ಆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವ ಕೆಲಸದಲ್ಲಿ ಅನೇಕರು ಇಂದು ಸಂತೋಷ ಕಾಣುತ್ತಿದ್ದಾರೆ. ನಾನೂ ಅವರಲ್ಲೊಬ್ಬ. ಆ ಕೆಲಸದ ಕ್ರಮವನ್ನು ಹೇಳುವುದರ ಜೊತೆಗೆ, ಅದರ ಹಿಂದಿರುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಆ ಪ್ರಶ್ನೆ ಇದು: ಗುರುತು ಉಳಿಯಬೇಕು, ಅರಿವೆಯೂ ಉಳಿಯಬೇಕು. ಎರಡೂ ಒಟ್ಟಿಗೆ ಉಳಿಯುವುದು ಹೇಗೆ?

ಕಾಗದದ ಮೇಲೆ ಒತ್ತಿದ ಮುದ್ರೆಗೆ ಈ ಚಿಂತೆ ಇಲ್ಲ. ಕಾಗದವನ್ನು ಯಾರೂ ಒಗೆಯುವುದಿಲ್ಲ. ಕೌದಿಯಾದರೋ ಮಳೆಗಾಲ ಕಳೆದೊಡನೆ ಹೊಳೆಯ ಕಲ್ಲನ್ನು ಕಾಣಬೇಕು, ಬಿಸಿಲಿಗೆ ಹರಡಿಕೊಳ್ಳಬೇಕು, ಮಕ್ಕಳ ಕಾಲ ತುಳಿತವನ್ನು ತಾಳಬೇಕು. ಕಚೇರಿಯ ಮುದ್ರೆಗೆ ಬಳಸುವ ಮಸಿಯನ್ನು ಅರಿವೆಯ ಮೇಲೊತ್ತಿ ನೋಡಿ. ಮೊದಲು ಅದು ನೂಲಿನ ಎಳೆಗುಂಟ ಹರಿದು ಅಂಚು ಕಲಸಿಹೋಗುತ್ತದೆ, ಅನಂತರ ಮೊದಲ ಒಗೆತಕ್ಕೇ ನೀರಿನೊಡನೆ ಹೊರಟುಹೋಗುತ್ತದೆ. ಹೋಗುವಾಗ ಪಕ್ಕದ ತುಂಡಿಗೂ ತನ್ನ ಕಲೆಯನ್ನು ದಾನ ಮಾಡಿ ಹೋಗುವುದುಂಟು!

ಅರಿವೆಯ ಮೇಲೆ ಅಚ್ಚೊತ್ತಿ, ಅದು ಒಗೆತಕ್ಕೂ ಮಾಸದಂತೆ ಮಾಡುವ ವಿದ್ಯೆಯನ್ನು ನಮ್ಮ ದೇಶದ ಕುಶಲಿಗಳು ಬಹು ಹಿಂದೆಯೇ ಸಾಧಿಸಿದ್ದರು. ಆಂಧ್ರದ ಮಚಲೀಪಟ್ಟಣ ಮತ್ತು ಅದರ ನೆರೆಯ ಪೆಡನದಲ್ಲಿ, ರಾಜಸ್ಥಾನದ ಸಾಂಗಾನೇರ್ ಮತ್ತು ಬಗರೂಗಳಲ್ಲಿ ಮರದ ಅಚ್ಚಿನ ಈ ಕೆಲಸ ಈಗಲೂ ನಡೆದಿದೆ. ಅವರು ಅರಿವೆಯನ್ನು ಮೊದಲು ಅಳಲೆಕಾಯಿಯ ರಸದಲ್ಲಿ ಅದ್ದುತ್ತಾರೆ. ಮಚಲೀಪಟ್ಟಣದ ಕಡೆ ಆ ರಸಕ್ಕೆ ಎಮ್ಮೆಯ ಹಾಲನ್ನು ಬೆರೆಸುವುದುಂಟು. ಹಾಲಿನ ಜಿಡ್ಡು ಬಣ್ಣವನ್ನು ಹರಡಗೊಡದೆ ಗೆರೆಯೊಳಗೆ ಹಿಡಿದಿಡುತ್ತದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಟ್ಟು ಬಸಿದ ದ್ರವವನ್ನು ಈ ಅರಿವೆಯ ಮೇಲೆ ಅಚ್ಚಿನಿಂದ ಒತ್ತಿದರೆ, ಅಳಲೆಯ ಒಗರೂ ಕಬ್ಬಿಣವೂ ಕೂಡಿ ಅಲ್ಲಿಯೇ ಕಪ್ಪು ಮೂಡುತ್ತದೆ. ಕೆಂಪು ಬೇಕಾದೆಡೆ ಪಟಿಕದ ದ್ರವವನ್ನು ಒತ್ತಿ, ಆಮೇಲೆ ಅರಿವೆಯನ್ನು ಮಂಜಿಷ್ಠದಂಥ ಬೇರಿನ ಬಣ್ಣದಲ್ಲಿ ಕುದಿಸುತ್ತಾರೆ. ಪಟಿಕ ತಗುಲಿದ ಕಡೆ ಮಾತ್ರ ಕೆಂಪು ನಿಲ್ಲುತ್ತದೆ. ಉಳಿದೆಡೆಯದು ಒಗೆತದಲ್ಲೂ ಬಿಸಿಲಿನಲ್ಲೂ ಕಳೆದುಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಅಚ್ಚು ಅರಿವೆಗೆ ಬಣ್ಣವನ್ನು ಕೊಡುವುದಿಲ್ಲ; ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕೊಡುತ್ತದೆ.

ಈ ಗುಟ್ಟು ಯೂರೋಪಿನವರಿಗೆ ಬಹುಕಾಲ ತಿಳಿದಿರಲಿಲ್ಲ. ಕೋರಮಂಡಲ ತೀರದಿಂದ ಹಡಗೇರಿ ಹೋದ ಹೂಬಳ್ಳಿಯ ಅರಿವೆಗಳು ಅಲ್ಲಿ ಉಡುಪಾದವು, ಹಾಸಿಗೆಯ ಹೊದಿಕೆಗಳಾದವು. ಒಗೆದಷ್ಟೂ ಕಳೆಯೇರುವ ಬಣ್ಣವನ್ನು ಕಂಡು ಅಲ್ಲಿನ ಜನ ಮರುಳಾದರು. ಅಲ್ಲಿನ ನೇಕಾರರು ಕಂಗಾಲಾದರು. 1686ರಲ್ಲಿ ಫ್ರಾನ್ಸ್ ಇಂಥ ಅರಿವೆಯನ್ನು ನಿಷೇಧಿಸಿತು. ಇಂಗ್ಲೆಂಡು 1700ರಲ್ಲಿ ಒಂದು, 1721ರಲ್ಲಿ ಮತ್ತೊಂದು ಕಾಯಿದೆಯನ್ನು ತಂದಿತು. ಕಾಯಿದೆಯಿಂದ ಆಸೆ ಅಡಗಲಿಲ್ಲ. ಪುದುಚೇರಿಯ ಕಡೆಯಲ್ಲಿದ್ದ ಕೇರ್ದೂ ಎಂಬ ಫ್ರೆಂಚ್ ಪಾದ್ರಿ ಇಲ್ಲಿಯ ಕುಶಲಿಗಳಿಂದ ಕೇಳಿ ತಿಳಿದ ಕ್ರಮವನ್ನೆಲ್ಲ 1742ರಲ್ಲಿ ಪತ್ರ ಬರೆದು ತನ್ನ ನಾಡಿಗೆ ತಿಳಿಸಿದ.

ಆದರೆ ಈ ವಿದ್ಯೆಯೊಳಗೂ ಒಂದು ದೋಷ ಅಡಗಿತ್ತು. ವಸ್ತುಸಂಗ್ರಹಾಲಯಗಳಲ್ಲಿರುವ ಆ ಕಾಲದ ಅರಿವೆಗಳನ್ನು ಹತ್ತಿರದಿಂದ ನೋಡಿದರೆ, ಎಷ್ಟೋ ಕಡೆ ಕೆಂಪು ಹೂವು ಹೂವಾಗಿಯೇ ಇರುತ್ತದೆ, ಅದರ ಸುತ್ತಣ ಕಪ್ಪು ಗೆರೆ ಮಾತ್ರ ಇಲ್ಲ. ಗೆರೆ ಇದ್ದ ಕಡೆ ಸಣ್ಣ ಬಿರುಕು, ಸಣ್ಣ ತೂತು. ಕಬ್ಬಿಣವೂ ಒಗರೂ ಕೂಡಿದ ಕಪ್ಪು ಕಾಲಕ್ರಮದಲ್ಲಿ ಹತ್ತಿಯ ಎಳೆಯನ್ನೇ ತಿಂದುಬಿಡುತ್ತದೆ. ಒಗೆತವನ್ನು ಗೆದ್ದ ಗುರುತು ಕೊನೆಗೆ ತನಗೆ ನೆಲೆ ಕೊಟ್ಟ ಅರಿವೆಯನ್ನೇ ಕಳೆದುಕೊಂಡಿತು!

ಕಬ್ಬಿಣ ಮತ್ತು ಒಗರಿನ ಇದೇ ಕೂಟದಿಂದ ಪಾಶ್ಚಾತ್ಯರು ಬರೆಯುವ ಮಸಿಯನ್ನು ತಯಾರಿಸುತ್ತಿದ್ದರು. ಹೀಗಾಗಿ ಅರಿವೆಯ ಮೇಲೆ ಹೆಸರು ಬರೆಯಹೊರಟ ಅಲ್ಲಿನ ಗೃಹಿಣಿಯರಿಗೂ ಇದೇ ತೊಡಕು ಎದುರಾಯಿತು. 1830ರ ದಶಕದಲ್ಲಿ ಅರಿವೆಗೆ ಅಷ್ಟಾಗಿ ಹಾನಿ ಮಾಡದ, ಒಗೆದರೂ ಹೋಗದ ಸಿದ್ಧ ಮಸಿಗಳು ಅಮೆರಿಕದ ಅಂಗಡಿಗಳಿಗೆ ಬಂದವು. ಅದರ ಬೆನ್ನಲ್ಲೇ, 1840ರ ದಶಕದಲ್ಲಿ, ಅಲ್ಲಿಯ ಪೂರ್ವ ತೀರದ ಸಂಸ್ಥಾನಗಳಲ್ಲಿ ಹೆಸರಿನ ಕೌದಿಗಳು ಹುಟ್ಟಿಕೊಂಡವು. ಒಬ್ಬೊಬ್ಬ ಗೆಳತಿ ಒಂದೊಂದು ಚೌಕವನ್ನು ಸಿದ್ಧಪಡಿಸಿ ಅದರ ನಡುವೆ ತನ್ನ ಹೆಸರನ್ನು ಮೂಡಿಸುವಳು. ಕೆಲವರು ಲೇಖನಿಯಿಂದ ಬರೆದರು, ಕೆಲವರು ದಾರದಿಂದ ಹೊಲಿದರು, ಇನ್ನು ಕೆಲವರು ಕೊರೆದ ತಗಡಿನಿಂದಲೋ ಲೋಹದ ಅಚ್ಚಿನಿಂದಲೋ ಒತ್ತಿದರು. ಎಲ್ಲವನ್ನೂ ಜೋಡಿಸಿ ಹೊಲಿದು, ಊರು ಬಿಟ್ಟು ದೂರ ಹೊರಟವರಿಗೆ ಉಡುಗೊರೆಯಾಗಿ ಕೊಡುತ್ತಿದ್ದರು. ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ಹೆಣ್ಣುಮಗಳು ಮತ್ತೆ ತವರನ್ನು ಕಾಣುವ ಭರವಸೆ ಇರಲಿಲ್ಲ. ಅವಳ ಜೊತೆಗೆ ಹೋದದ್ದು ಆ ಹೆಸರುಗಳು.

ಈ ಹೆಸರುಗಳ ಬೆಲೆ ಎಷ್ಟೆಂಬುದು ಇನ್ನೊಂದು ಸಂಗತಿಯಿಂದ ತಿಳಿಯುತ್ತದೆ. 1850ಕ್ಕೆ ಮುಂಚಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದುಕೊಳ್ಳುತ್ತಿದ್ದರು. ಹೆಂಡತಿ ಮಕ್ಕಳೆಲ್ಲ ಬರಿಯ ಸಂಖ್ಯೆ. 1850ರಲ್ಲಿ ಉಳಿದವರ ಹೆಸರೂ ದಾಖಲೆಗೆ ಬಂದಿತು. ಗುಲಾಮರಿಗೆ ಆಗಲೂ ಆ ಭಾಗ್ಯವಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಕೇವಲ ಅಂಕೆಯಾಗಿದ್ದ ಹೆಣ್ಣು ಕೌದಿಯ ಚೌಕದಲ್ಲಿ ಹೆಸರಾಗಿ ಉಳಿದಳು ಎಂದರೆ ಅತಿಶಯೋಕ್ತಿಯಾಗಲಾರದು.

ರಬ್ಬರ್ ಈ ಕೆಲಸಕ್ಕೆ ಬಂದದ್ದು ತುಸು ತಡವಾಗಿ. ಹಸಿ ರಬ್ಬರ್ ಸೆಕೆಗೆ ಅಂಟಾಗುತ್ತದೆ, ಚಳಿಗೆ ಬಿರಿಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಆ ದೋಷ ಹೋಗುತ್ತದೆಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಹಕ್ಕುಪತ್ರ ಪಡೆದ. 1860ರ ದಶಕದ ಹೊತ್ತಿಗೆ ರಬ್ಬರ್ ಮುದ್ರೆಗಳು ಅಮೆರಿಕದಲ್ಲಿ ತಯಾರಾಗತೊಡಗಿದವು. ಮರವಾಗಲಿ ಲೋಹವಾಗಲಿ ಗಡುಸು. ಅರಿವೆಯ ಏರುತಗ್ಗಿಗೆ ಅವು ಬಾಗವು. ಆದುದರಿಂದಲೇ ಮರದ ಅಚ್ಚಿನವರು ಮೇಜಿನ ಮೇಲೆ ಹಲವು ಪದರ ಗೋಣಿತಟ್ಟು, ಬಟ್ಟೆ ಹಾಸಿ ಅದನ್ನು ಮೆತ್ತಗೆ ಮಾಡಿಕೊಳ್ಳುತ್ತಾರೆ. ರಬ್ಬರಿನಲ್ಲಿ ಆ ಮೆದುತನ ಅಚ್ಚಿನಲ್ಲೇ ಇದೆ. ಅದಕ್ಕೆ ಸಮತಟ್ಟಾದ ಹಲಗೆ, ಮೇಲೊಂದು ತೆಳುವಾದ ಬಟ್ಟೆ ಇದ್ದರೆ ಸಾಕು.

ಅರಿವೆಗೆ ಗುರುತು ಹಾಕುವುದು ನಮಗೂ ಹೊಸದಲ್ಲ. ಕರಿಗೇರಿನ ಕಾಯನ್ನು ಚುಚ್ಚಿ, ಅದರ ರಸದಿಂದ ಮಡಿವಾಳರು ಮನೆಮನೆಯ ಬಟ್ಟೆಗಳಿಗೆ ಚುಕ್ಕೆ, ಗೆರೆಗಳ ಗುರುತು ಹಾಕುತ್ತಿದ್ದರು. ಸುಣ್ಣ ತಗುಲಿಸಿದರೆ ಆ ರಸ ಕಡುಗಪ್ಪಾಗಿ ನಿಲ್ಲುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆದರೆ ಆ ರಸ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಹೊದೆಯುವ ಬಟ್ಟೆಗೆ ಅದನ್ನು ಬಳಸಲು ಯಾರೂ ಪ್ರಯತ್ನಿಸಬಾರದೆಂದು ಇಲ್ಲಿಯೇ ಎಚ್ಚರಿಸುತ್ತೇನೆ.

ಇನ್ನು, ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಅಚ್ಚಿಗೆ ಶಾಲೆಯ ಮಕ್ಕಳು ಬಳಸುವ ದೊಡ್ಡ ಅಳಿಸುವ ರಬ್ಬರ್ ಸಾಕು. ತೆಳುವಾದ ಕಾಗದದ ಮೇಲೆ ಮೆತ್ತನೆಯ ಸೀಸದ ಕಡ್ಡಿಯಿಂದ ಚಿತ್ರ ಬರೆದು, ಕಾಗದವನ್ನು ರಬ್ಬರಿನ ಮೇಲೆ ಕವುಚಿ, ಉಗುರಿನಿಂದ ಉಜ್ಜಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಅಕ್ಷರಗಳಿಗೆ ಈ ತಿರುಗುಮುರುಗು ಅತ್ಯವಶ್ಯ. ಗೆರೆಯನ್ನು ಬಿಟ್ಟು ಉಳಿದ ಭಾಗವನ್ನು ಹರಿತವಾದ ಚಾಕುವಿನಿಂದ ಕೆತ್ತಬೇಕು. ಚಾಕು ಗೆರೆಯ ಬುಡದಿಂದ ಹೊರಮುಖವಾಗಿ ಇಳಿಜಾರಾಗಿ ಸಾಗಬೇಕು. ಬುಡ ಅಗಲವಾಗಿದ್ದರೆ ಗೆರೆ ಒತ್ತುವಾಗ ಬಾಗದು. ನಮ್ಮ ಲಿಪಿಯಲ್ಲಿ ದುಂಡು ಹೆಚ್ಚು. ದುಂಡನ್ನು ಕೆತ್ತುವಾಗ ಚಾಕುವನ್ನು ತಿರುಗಿಸದೆ ರಬ್ಬರನ್ನೇ ಮೆಲ್ಲಗೆ ತಿರುಗಿಸಿದರೆ ಕೈ ಜಾರುವುದಿಲ್ಲ. ಒತ್ತಕ್ಷರಗಳ ಸಂದುಗಳಲ್ಲಿ ಬಣ್ಣ ತುಂಬಿಕೊಳ್ಳುವುದರಿಂದ ಅಕ್ಷರಗಳನ್ನು ತೀರ ಸಣ್ಣದು ಮಾಡಬಾರದು.

ಅರಿವೆ ಹತ್ತಿಯದಾಗಿರಲಿ. ಹೊಸ ಅರಿವೆಯಾದರೆ ಒಗೆದು ಗಂಜಿಯನ್ನು ಕಳೆದುಕೊಳ್ಳಿ. ಗಂಜಿಯ ಮೇಲೆ ಕೂತ ಬಣ್ಣ ಗಂಜಿಯೊಡನೆಯೇ ಹೋಗುತ್ತದೆ. ಹಳೆಯ ಸೀರೆಯಾದರೆ ಗಟ್ಟಿಯಾಗಿರುವ ಭಾಗವನ್ನು ಆರಿಸಿಕೊಳ್ಳಿ. ಬಣ್ಣ ಮಾತ್ರ ಅರಿವೆಗೆಂದೇ ತಯಾರಿಸಿದ್ದಾಗಿರಬೇಕು. ಅಂಥ ಬಣ್ಣದಲ್ಲಿ ಪುಡಿಯೊಡನೆ ಒಂದು ಅಂಟು ಇರುತ್ತದೆ. ಕಾವು ತಗುಲಿದಾಗ ಆ ಅಂಟು ಗಟ್ಟಿಯಾಗಿ ಪುಡಿಯನ್ನು ನೂಲಿಗೆ ಹಿಡಿದಿಡುತ್ತದೆ. ಬಣ್ಣದೊಳಗೆ ಅಚ್ಚನ್ನು ಅದ್ದಬೇಡಿ. ಸ್ಪಂಜಿನ ತುಂಡಿಗೆ ಬಣ್ಣ ಸವರಿ, ಅದರಿಂದ ಅಚ್ಚಿನ ಮೈಯನ್ನು ಮೆಲ್ಲಗೆ ತಟ್ಟಿ. ಮೊದಲ ಒಂದೆರಡು ಮುದ್ರೆಗಳನ್ನು ಬೇಡದ ಚಿಂದಿಯ ಮೇಲೊತ್ತಿ ನೋಡಿ. ಅಚ್ಚು ನೇರವಾಗಿ ಇಳಿಯಲಿ, ನೇರವಾಗಿ ಏಳಲಿ. ಅಲುಗಾಡಿಸಿದರೆ ಅಂಚು ಕೆಡುತ್ತದೆ. ಕೆಲಸ ಮುಗಿದೊಡನೆ ಅಚ್ಚನ್ನು ತೊಳೆದಿಡಿ.

ಬಣ್ಣ ಚೆನ್ನಾಗಿ ಒಣಗಿದ ಮೇಲೆ ಅರಿವೆಯ ಹಿಂಬದಿಯಿಂದ, ನೀರು ಚಿಮುಕಿಸದೆ, ಬಿಸಿ ಇಸ್ತ್ರಿ ಹಾಯಿಸಬೇಕು. ಎಷ್ಟು ಹೊತ್ತು, ಎಷ್ಟು ಕಾವು ಎಂಬುದು ಬಣ್ಣದ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಒಂದು ಮಾತನ್ನು ವಿಶೇಷವಾಗಿ ಹೇಳಬೇಕು: ಇಡೀ ಕೌದಿಗೆ ಕೈಹಾಕುವ ಮೊದಲು ಒಂದೇ ತುಂಡನ್ನು ಒತ್ತಿ, ಇಸ್ತ್ರಿ ಮಾಡಿ, ಮನೆಯ ಉಳಿದ ಬಟ್ಟೆಗಳೊಡನೆ ಹತ್ತು ಸಲ ಒಗೆಯಿರಿ. ಅದರ ತೀರ್ಪು ಅಂಗಡಿಯವನ ಮಾತಿಗಿಂತ ನಂಬಲರ್ಹವಾದುದು.

ಮುದ್ರೆಗೂ ಹೊಲಿಗೆಗೂ ಹೊಂದಾಣಿಕೆ ಇರಬೇಕು. ತುಂಡಿನ ಸುತ್ತ ಕಾಲು ಅಂಗುಲವಾದರೂ ಬಿಟ್ಟು ಒತ್ತದಿದ್ದರೆ ಹೂವಿನ ಎಸಳು ಜೋಡಣೆಯೊಳಗೆ ಮಡಿಸಿಹೋಗುತ್ತದೆ. ಬಣ್ಣ ದಪ್ಪವಾದರೆ ಅರಿವೆ ಬಿರುಸಾಗಿ ಸೂಜಿ ಇಳಿಯುವುದಿಲ್ಲ. ಆದ್ದರಿಂದ ಹೊಲಿಗೆ ಚಿತ್ರದ ಮೇಲೆ ಹಾಯದೆ ಅದರ ಅಂಚಿನ ಪಕ್ಕದಲ್ಲಿ ಸುತ್ತಿ ಬರುವುದು ಲೇಸು. ಆಗ ಹೊಲಿಗೆಯ ನಡುವೆ ಚಿತ್ರ ತುಸು ಉಬ್ಬಿ ನಿಲ್ಲುವ ಅಂದವೇ ಬೇರೆ.

ಉತ್ತರ ಕರ್ನಾಟಕದ ನಮ್ಮ ಕೌದಿಗಳಿಗೆ ಇಂಥ ಮುದ್ರೆಯ ಅಲಂಕಾರ ಬೇಕೇ ಎಂದು ಯಾರಾದರೂ ಕೇಳಬಹುದು. ಅವುಗಳ ಸೊಗಸು ಇರುವುದೇ ಬಣ್ಣಬಣ್ಣದ ತುಂಡುಗಳ ಹೊಂದಿಕೆಯಲ್ಲಿ, ಎಡೆಬಿಡದೆ ಸಾಗುವ ಸಾಲು ಹೊಲಿಗೆಯಲ್ಲಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ನೋಡಿ. ಅವರು ಒಂದು ಮೂಲೆಯಿಂದ ಹೊರಟು, ಅಂಚುಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ‘ಫೂಲ’ ಎಂಬ ಮಡಿಸಿದ ಅರಿವೆಯ ಹೂವನ್ನಿಟ್ಟಲ್ಲದೆ ಅದು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಇಂಥ ಕೆಲಸದ ಮೇಲೆ ಹೂವಿನ ಅಚ್ಚೊತ್ತುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಈ ಆಕ್ಷೇಪವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಅವುಗಳಲ್ಲಿ ಇಲ್ಲದ ಒಂದು ವಸ್ತುವಿದೆ: ಹೊಲಿದವಳ ಹೆಸರು. ನಮ್ಮ ಮನೆಗಳಲ್ಲಿ ತಾಮ್ರದ ಕೊಡಕ್ಕೆ, ಹಿತ್ತಾಳೆಯ ತಟ್ಟೆಗೆ ಹೆಸರು ಕೆತ್ತಿಸುತ್ತೇವೆ. ಅದು ಕೊಟ್ಟವರದೋ ಪಡೆದವರದೋ ಹೆಸರು, ಮಾಡಿದವರದಲ್ಲ. ಅಜ್ಜಿಯ ಕೌದಿ ಎಂದು ಹೊದೆಯುವ ಮೊಮ್ಮಗನಿಗೆ ಅಜ್ಜಿಯ ಹೆಸರು ಗೊತ್ತು. ಅವನ ಮಗನಿಗೆ? ಅರಿವೆ ಇನ್ನೂ ಬೆಚ್ಚಗಿರುವಾಗಲೇ ಹೆಸರು ಮರೆಯಾಗಿರುತ್ತದೆ. ಮೇಲ್ಮೈಯ ಅಂದಕ್ಕೆ ಧಕ್ಕೆ ಬಾರದಂತೆ, ಕೌದಿಯ ಹಿಂಬದಿಯ ಒಂದು ಮೂಲೆಯಲ್ಲಿ, ಅಂಗೈಗಿಂತ ಚಿಕ್ಕದಾದ ಒಂದು ತುಂಡು. ಅದರ ಮೇಲೆ ಹೊಲಿದವಳ ಹೆಸರು, ಊರು, ಇಸವಿ. ಇಷ್ಟಕ್ಕೆ ಒಂದು ರಬ್ಬರ್ ತುಂಡು, ಒಂದು ಮಧ್ಯಾಹ್ನ ಸಾಕು. ಹೊಲಿಯುವಾಕೆ ತಾನಾಗಿ ತನ್ನ ಹೆಸರು ಹಾಕಿಕೊಳ್ಳಲು ಸಂಕೋಚಪಟ್ಟರೆ, ಹೊದೆಯುವವರು ಆ ಅಚ್ಚನ್ನು ಕೆತ್ತಿಕೊಡಲಿ. ಕಾಗದಕ್ಕೆ ಅಧಿಕಾರದ ಗುರುತಾಗಿ ಬೀಳುವ ಮುದ್ರೆ, ಅರಿವೆಗೆ ಕೃತಜ್ಞತೆಯ ಗುರುತಾಗಿ ಬೀಳಲಿ.